ವರ್ಷಕ್ಕೊಮ್ಮೆ ಬರುವ ಹಣ, ತಿಂಗಳು ತಿಂಗಳ ಉಳಿತಾಯ



“ತಿಂಗಳಿಗೆ ಇಷ್ಟೆಂದು ಕಟ್ಟುವುದು ಸಂಬಳದವರಿಗೆ ಸರಿ, ನಮಗೆ ಹಣ ಕಾಣುವುದೇ ವರ್ಷಕ್ಕೊಮ್ಮೆ.” ಉಳಿತಾಯದ ಮಾತು ಬಂದಾಗಲೆಲ್ಲ ನಮ್ಮ ಸದಸ್ಯರಿಂದ ಕೇಳಿಬರುವ ಉತ್ತರವಿದು. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಸಣ್ಣ ಹಿಡುವಳಿಯ ತೋಟಗಾರನೂ ತಿಂಗಳಿಗೆ ಐನೂರು, ಸಾವಿರ ರೂಪಾಯಿಯಂತೆ ಹದಿನೈದು ಇಪ್ಪತ್ತು ವರ್ಷ ಹಣ ತೊಡಗಿಸುವುದು ಸಾಧ್ಯ; ಅಷ್ಟೇ ಅಲ್ಲ, ಸಂಬಳದವನಿಗಿಂತ ಅವನಿಗೇ ಅದು ಹೆಚ್ಚು ಅಗತ್ಯ ಎಂಬುದು ನಮ್ಮ ಅಭಿಪ್ರಾಯ.

ಹಣ ಬರುವ ರೀತಿ

ಕಾಫಿಯ ಕೊಯ್ಲು ಮುಗಿದು, ಒಣಗಿಸಿ, ಮಾರಿ ಹಣ ಕೈಗೆ ಬರುವುದು ಜನವರಿಯಿಂದ ಏಪ್ರಿಲ್ ಒಳಗೆ. ಅಡಿಕೆಯ ಹಣವೂ ವರ್ಷದ ಕೆಲವೇ ತಿಂಗಳುಗಳಲ್ಲಿ ಬರುತ್ತದೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇದೆ. ಮರಗಸಿ, ಕಳೆ, ಗೊಬ್ಬರ, ಮಳೆಗಾಲಕ್ಕೆ ಮುಂಚೆ ಬೋರ್ಡೋ ಸಿಂಪಡಣೆ, ಶಾಲೆಯ ಫೀಸು, ಆಸ್ಪತ್ರೆ, ಮದುವೆ ಮುಂಜಿ. ಜುಲೈ ಆಗಸ್ಟ್ ಹೊತ್ತಿಗೆ ಕೈ ಬರಿದಾಗುವುದು, ಚಿನ್ನ ಅಡವಿಗೆ ಹೋಗುವುದು ಎಷ್ಟು ಮನೆಗಳಲ್ಲಿ ವಾಡಿಕೆಯಾಗಿದೆ ಎಂಬುದನ್ನು ಹೇಳಬೇಕಾಗಿಲ್ಲ.

ಇದು ಮಲೆನಾಡಿನವರ ಕಷ್ಟ ಮಾತ್ರವಲ್ಲ. ರಾಜ್ಯದ ಉತ್ತರದ ತುದಿಯಲ್ಲಿ, ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕವನ್ನು ನೋಡೋಣ. ಅದು ಕೃಷ್ಣಾ ಸೀಮೆಯ ಕಬ್ಬಿನ ನಾಡು. ಪಕ್ಕದ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನೆಟ್ಟು ಒಂದು ವರ್ಷ, ಒಂದೂವರೆ ವರ್ಷ ಕಾದು, ಹಂಗಾಮಿನಲ್ಲಿ ಕಾರ್ಖಾನೆಗೆ ಕಳಿಸಿದ ಮೇಲೆ ಅಲ್ಲಿನ ರೈತನಿಗೆ ‘ಬಿಲ್ಲು’ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ಹಣ ಸಲ್ಲಬೇಕು. ಆ ಹಣವೂ ನಮ್ಮ ಕಾಫಿಯ ಹಣದಂತೆ ಒಟ್ಟಿಗೇ ಬರುತ್ತದೆ. ಸಾಲ, ಗೊಬ್ಬರ, ಮನೆ ಖರ್ಚುಗಳಿಗೆ ಒಟ್ಟಿಗೇ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಆ ಸೀಮೆಯ ಗದ್ದೆಗಳನ್ನು ಮುಳುಗಿಸಿದಳು. ಒಂದೇ ಬೆಳೆ, ಒಂದೇ ಹೊಳೆ, ಒಂದೇ ಕಾರ್ಖಾನೆಯನ್ನು ನಂಬಿದವನಿಗೆ ಇಂಥ ವರ್ಷ ಎಷ್ಟು ಭಾರವೆಂದು ನಾವು ಬಲ್ಲೆವು. ಅದೇ ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರುಗಳಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿಹೋದವು.

ಕಬ್ಬಿನವನಾಗಲಿ ಕಾಫಿಯವನಾಗಲಿ, ರೈತನ ಆಸ್ತಿಯೆಲ್ಲ ಒಂದೇ ಕಡೆ ಇದೆ. ಕೊಳೆ ರೋಗ, ಹಳದಿ ಎಲೆ ರೋಗ, ಎಲೆಚುಕ್ಕಿ, ಕಾಂಡಕೊರಕ, ಸಕಾಲಕ್ಕೆ ಬಾರದ ಹೂಮಳೆ ಇವುಗಳಲ್ಲಿ ಯಾವುದು ಬಂದರೂ ಆದಾಯ, ಆಸ್ತಿ ಎರಡೂ ಒಟ್ಟಿಗೆ ಕುಗ್ಗುತ್ತವೆ. ಆದುದರಿಂದ ತೋಟದ ಹಣೆಬರಹಕ್ಕೆ ಕಟ್ಟುಬೀಳದ ಸ್ವಲ್ಪ ಹಣ ತೋಟದ ಹೊರಗೆ ಬೆಳೆಯುತ್ತಿರಬೇಕು.

ಈಗಲೇ ಏಕೆ?

ಕಾಫಿ ಮಂಡಳಿಯ ಪೂಲ್ ಪದ್ಧತಿ ಹಿರಿಯ ಸದಸ್ಯರಿಗೆ ನೆನಪಿದೆ. 1940ರ ದಶಕದಿಂದ ಬೆಳೆಗಾರ ತನ್ನ ಕಾಫಿಯನ್ನು ಪೂಲಿಗೆ ಒಪ್ಪಿಸುತ್ತಿದ್ದ. ಹಣ ಪಾಯಿಂಟುಗಳ ಲೆಕ್ಕದಲ್ಲಿ, ಕಂತು ಕಂತಾಗಿ, ತಡವಾಗಿ ಬರುತ್ತಿತ್ತು. 1992ರಿಂದ ಹಂತ ಹಂತವಾಗಿ ಸಡಿಲಗೊಂಡ ಆ ಪದ್ಧತಿ 1996ರಲ್ಲಿ ಪೂರ್ತಿ ಕೊನೆಗೊಂಡಿತು. ಇಂದು ನಮ್ಮ ಕಾಫಿಗೆ ನಾವೇ ಯಜಮಾನರು. ಬೆಲೆ ಬಂದ ದಿನ ಮಾರಿ ಪೂರ್ತಿ ಹಣ ಎಣಿಸಿಕೊಳ್ಳಬಹುದು. ಇದು ಒಳ್ಳೆಯದೇ. ಆದರೆ ಕಂತಿನಲ್ಲಿ ಬರುವ ಹಣ ಒಂದೇ ಸಲ ಖರ್ಚಾಗದೆ ಉಳಿಯುತ್ತಿತ್ತು ಎಂಬುದನ್ನೂ ಮರೆಯಬಾರದು. ಆ ಕಂತುಗಳನ್ನು ಈಗ ನಾವೇ ಮಾಡಿಕೊಳ್ಳಬೇಕಾಗಿದೆ.

ಬೆಲೆಯ ಏರಿಳಿತವನ್ನೂ ನೋಡಿರಿ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾಗಳು ರದ್ದಾಗಿ ಬೆಲೆ ಬಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಇಲ್ಲಿ ನಮಗೆ ಬೆಲೆ ಬಂತು. 2001, 2002ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿದು, ಕೊಯ್ಲಿನ ಕೂಲಿಯೂ ಹುಟ್ಟದ ಕಾಲ ಬಂತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ನ್ಯೂಯಾರ್ಕ್ ಪೇಟೆಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಅಡಿಕೆಯವರು 2014ರ ಏರಿಕೆಯನ್ನೂ ಅದರ ನಂತರದ ಇಳಿತವನ್ನೂ ಕಂಡಿದ್ದಾರೆ. ಏರಿದ ಬೆಲೆ ಎಷ್ಟು ಕಾಲ ನಿಂತೀತು ಎಂದು ಯಾರೂ ಹೇಳಲಾರರು. ಒಳ್ಳೆಯ ವರ್ಷದ ಹಣದಲ್ಲಿ ಒಂದು ಪಾಲು ಕೆಟ್ಟ ವರ್ಷಕ್ಕೂ ಮುಪ್ಪಿಗೂ ಹೋಗಬೇಕಾದರೆ, ಅದನ್ನು ಒಳ್ಳೆಯ ವರ್ಷದಲ್ಲಿಯೇ ತೆಗೆದಿಡಬೇಕು.

ಎರಡಾಣೆಯ ಪಾಠ

ಅನಿಶ್ಚಿತ ಆದಾಯದವನೂ ಉಳಿಸಬಲ್ಲನೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದೊಂದಿಗೆ, ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಒಂದು ಹಣಕಾಸು ಸಂಸ್ಥೆ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 1969ರಲ್ಲಿ ರಾಷ್ಟ್ರೀಕೃತವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ನೇಕಾರನಿಗೆ, ಸಣ್ಣ ವ್ಯಾಪಾರಿಗೆ ತಿಂಗಳ ಸಂಬಳವಿರಲಿಲ್ಲ. ಇದ್ದದ್ದು ದಿನದ ದುಡಿಮೆ. ಆದುದರಿಂದ ಉಳಿತಾಯವನ್ನೂ ದಿನಕ್ಕೇ ಹೊಂದಿಸಿದರು. ಹಣ ಬರುವ ರೀತಿಗೆ ತಕ್ಕಂತೆ ಉಳಿತಾಯದ ರೀತಿಯನ್ನು ಹೊಂದಿಸಿಕೊಳ್ಳಬೇಕೆಂಬುದೇ ಇದರ ಪಾಠ. ನಮಗೆ ಹಣ ವರ್ಷಕ್ಕೊಮ್ಮೆ ಬರುವುದರಿಂದ ನಾವು ಕೊಯ್ಲಿನಿಂದಲೇ ಶುರುಮಾಡಬೇಕು.

ಮೊದಲು ಮೂರು ಕೆಲಸ

ದೀರ್ಘಕಾಲದ ಹೂಡಿಕೆಗೆ ಕೈಹಾಕುವ ಮುನ್ನ ಮೂರು ಕೆಲಸಗಳಾಗಬೇಕು.

ಒಂದು: ದುಬಾರಿ ಸಾಲ ತೀರಿಸಬೇಕು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇಕಡಾ 36. ಇಷ್ಟು ಗಳಿಸಿಕೊಡುವ ಹೂಡಿಕೆ ಯಾವುದೂ ಇಲ್ಲ. ಕೈಸಾಲ ತೀರಿಸುವುದೇ ಅಂಥವನಿಗೆ ಉತ್ತಮ ಹೂಡಿಕೆ. ಸಹಕಾರ ಸಂಘದ ಬೆಳೆಸಾಲದ ಮಾತು ಬೇರೆ. ಅದನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿ ರಿಯಾಯಿತಿ ಸಿಗುತ್ತದೆ. ಗಡುವು ಮೀರಿದರೆ ಆ ಲಾಭ ಹೋಗುತ್ತದೆ.

ಎರಡು: ಆಪತ್ಕಾಲದ ಹಣ. ಕನಿಷ್ಠ ಆರು ತಿಂಗಳ ಮನೆ ಖರ್ಚು ಮತ್ತು ಒಂದು ಸಲದ ಗೊಬ್ಬರ, ಕೂಲಿಯ ಹಣ ಬ್ಯಾಂಕಿನಲ್ಲಿ, ಬೇಕೆಂದಾಗ ತೆಗೆಯುವಂತಿರಬೇಕು. ಇದು ಇಲ್ಲದಿದ್ದರೆ ದೀರ್ಘಕಾಲಕ್ಕೆಂದು ಇಟ್ಟ ಹಣವನ್ನು ಮೊದಲ ಮಳೆಗಾಲದಲ್ಲೇ ಮುರಿಯಬೇಕಾಗುತ್ತದೆ.

ಮೂರು: ಮನೆಗೆ ದುಡಿಯುವವರ ಹೆಸರಿನಲ್ಲಿ ಅವಧಿ ವಿಮೆ ಮತ್ತು ಮನೆಮಂದಿಗೆಲ್ಲ ಆರೋಗ್ಯ ವಿಮೆ. ವಿಮೆಯನ್ನೂ ಹೂಡಿಕೆಯನ್ನೂ ಒಂದೇ ಪಾಲಿಸಿಯಲ್ಲಿ ಬೆರೆಸದಿದ್ದರೆ ಎರಡರ ಲೆಕ್ಕವೂ ಸ್ಪಷ್ಟವಾಗಿರುತ್ತದೆ.

ಹನ್ನೆರಡು ಪಾಲು

ಇನ್ನು ಕ್ರಮಕ್ಕೆ ಬರೋಣ. ಕಾಫಿ ಅಥವಾ ಅಡಿಕೆಯ ಹಣ ಬಂದ ವಾರದಲ್ಲೇ, ಬೇರೆ ಖರ್ಚಿಗೆ ಕೈಹಾಕುವ ಮುನ್ನ, ವರ್ಷದ ಹನ್ನೆರಡು ಕಂತುಗಳನ್ನು ಒಟ್ಟಿಗೆ ತೆಗೆದು ಪ್ರತ್ಯೇಕ ಉಳಿತಾಯ ಖಾತೆಗೆ ಹಾಕಿರಿ. ತಿಂಗಳಿಗೆ 500 ರೂ. ಎಂದಾದರೆ 6,000 ರೂ.; ಸಾವಿರವೆಂದಾದರೆ 12,000 ರೂ. ಆ ಖಾತೆಯಿಂದ ಪ್ರತಿ ತಿಂಗಳೂ ಗೊತ್ತಾದ ದಿನ ಕಂತು ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿರಿ. ದಿನಬಳಕೆಯ ಖಾತೆಯಿಂದಲೇ ಹೋಗಲೆಂದು ಬಿಟ್ಟರೆ ಆಗಸ್ಟಿನಲ್ಲಿ ಹಣವಿಲ್ಲದೆ ಕಂತು ತಪ್ಪುತ್ತದೆ, ಬ್ಯಾಂಕು ದಂಡ ಹಾಕುತ್ತದೆ, ಸತತ ಮೂರು ಕಂತು ತಪ್ಪಿದರೆ ಸಾಮಾನ್ಯವಾಗಿ ಯೋಜನೆಯೇ ರದ್ದಾಗುತ್ತದೆ.

ಮೊತ್ತ ಎಷ್ಟಿರಬೇಕು? ಕೆಟ್ಟ ವರ್ಷದಲ್ಲೂ ಕಟ್ಟಬಲ್ಲೆ ಎನಿಸುವಷ್ಟು. ಒಳ್ಳೆಯ ವರ್ಷದ ಬೆಲೆ ನೋಡಿ ದೊಡ್ಡ ಕಂತು ಹಿಡಿದು ಮೂರನೆಯ ವರ್ಷ ಬಿಡುವುದಕ್ಕಿಂತ, ಸಣ್ಣದು ಹಿಡಿದು ಬಿಡದೆ ನಡೆಸುವುದು ಮೇಲು. ಬೆಲೆ ಬಂದ ವರ್ಷ ಕಂತನ್ನು ಸ್ವಲ್ಪ ಏರಿಸಿರಿ. ಏಕೆಂದರೆ ಹಣದ ಬೆಲೆ ಇಳಿಯುತ್ತಲೇ ಇರುತ್ತದೆ. ವರ್ಷಕ್ಕೆ ಶೇಕಡಾ 6ರಂತೆ ಬೆಲೆಯೇರಿದರೆ ಇಂದು 100 ರೂಪಾಯಿಗೆ ಸಿಗುವ ವಸ್ತುವಿಗೆ ಇಪ್ಪತ್ತು ವರ್ಷದ ಬಳಿಕ 320 ರೂ. ಕೊಡಬೇಕಾಗುತ್ತದೆ.

ಕಾಲ ಮಾಡುವ ಕೆಲಸ

ತಿಂಗಳಿಗೆ 500 ರೂ., ವರ್ಷಕ್ಕೆ ಶೇಕಡಾ 8ರ ಬೆಳವಣಿಗೆ ತಿಂಗಳು ತಿಂಗಳು ಸೇರುತ್ತದೆಂದು ಇಟ್ಟುಕೊಳ್ಳೋಣ. ಇದು ಲೆಕ್ಕ ತಿಳಿಯಲೆಂದು ಹಿಡಿದ ದರವೇ ಹೊರತು ಯಾರೂ ಕೊಟ್ಟ ಭರವಸೆಯಲ್ಲ.

ಹತ್ತು ವರ್ಷಕ್ಕೆ ಕಟ್ಟಿದ್ದು 60,000 ರೂ.; ಆಗುವುದು ಸುಮಾರು 91,500 ರೂ.
ಇಪ್ಪತ್ತು ವರ್ಷಕ್ಕೆ ಕಟ್ಟಿದ್ದು 1,20,000 ರೂ.; ಆಗುವುದು ಸುಮಾರು 2,94,500 ರೂ.
ಮೂವತ್ತು ವರ್ಷಕ್ಕೆ ಕಟ್ಟಿದ್ದು 1,80,000 ರೂ.; ಆಗುವುದು ಸುಮಾರು 7,45,000 ರೂ.

ಮೊದಲ ಹತ್ತು ವರ್ಷದಲ್ಲಿ ಬೆಳವಣಿಗೆಯಿಂದ ಬಂದದ್ದು 31,500 ರೂ. ಮಾತ್ರ. ಕೊನೆಯ ಹತ್ತು ವರ್ಷದಲ್ಲಿ ಕಟ್ಟಿದ್ದು ಅದೇ 60,000 ರೂ. ಆದರೂ ಬೆಳವಣಿಗೆಯಿಂದ ಬಂದದ್ದು 3,90,000 ರೂ. ಅಡಿಕೆ ಸಸಿ ನೆಟ್ಟವನಿಗೆ ಇದನ್ನು ವಿವರಿಸಬೇಕಿಲ್ಲ. ಮೊದಲ ಐದಾರು ವರ್ಷ ಬರೀ ಖರ್ಚು. ಫಸಲು ಹಿಡಿದ ಮೇಲೆ ತಲೆಮಾರಿನವರೆಗೆ ಆದಾಯ. ಐದನೆಯ ವರ್ಷಕ್ಕೆ ಫಸಲು ಬರಲಿಲ್ಲವೆಂದು ಅಡಿಕೆ ಮರ ಕಡಿಯುವವರಿಲ್ಲ. ಹೂಡಿಕೆಯನ್ನು ಮಾತ್ರ ಎಷ್ಟೋ ಮಂದಿ ಹಾಗೆ ನಡುವೆಯೇ ಮುರಿಯುತ್ತಾರೆ.

ಎಲ್ಲಿ ತೊಡಗಿಸಬೇಕು?

ಸಾರ್ವಜನಿಕ ಭವಿಷ್ಯ ನಿಧಿ ಎಂದರೆ ಪಿ.ಪಿ.ಎಫ್. ನಮ್ಮಂಥವರಿಗೆ ಬಹಳ ಹೊಂದುತ್ತದೆ. ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500 ರೂ., ಗರಿಷ್ಠ 1,50,000 ರೂ.; ಅವಧಿ 15 ವರ್ಷ. ಹಣವನ್ನು ಕಂತಿನಲ್ಲೂ ಕಟ್ಟಬಹುದು, ಒಂದೇ ಸಲವೂ ಕಟ್ಟಬಹುದು. ತಿಂಗಳ 5ನೇ ತಾರೀಖಿನ ನಂತರ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ಆದುದರಿಂದ ಕಾಫಿ ಹಣವನ್ನು ಏಪ್ರಿಲ್ 1ರಿಂದ 5ರೊಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ದೊರೆಯುತ್ತದೆ. ಇದು ನಮ್ಮ ಕೊಯ್ಲಿಗೆಂದೇ ಮಾಡಿದ ನಿಯಮದಂತಿದೆ. 2020ರ ಏಪ್ರಿಲ್‌ನಲ್ಲಿ ಶೇಕಡಾ 7.1 ಎಂದು ನಿಗದಿಯಾದ ಬಡ್ಡಿ 2025ರಲ್ಲಿಯೂ ಅಷ್ಟೇ ಇತ್ತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರವನ್ನು ಪರಿಶೀಲಿಸುತ್ತದೆ. ಅದೇ ದರ ಮುಂದುವರಿದರೆ, ವರ್ಷಕ್ಕೆ 12,000 ರೂ.ನಂತೆ ಏಪ್ರಿಲ್ ಮೊದಲಲ್ಲೇ 15 ವರ್ಷ ಕಟ್ಟಿದ 1,80,000 ರೂ. ಸುಮಾರು 3,25,000 ರೂ. ಆಗುತ್ತದೆ. ಸಾಲಗಾರರ ದಾವೆಯಲ್ಲಿ ಈ ಖಾತೆಯನ್ನು ಕೋರ್ಟು ಜಪ್ತಿ ಮಾಡುವಂತಿಲ್ಲ ಎಂಬುದು ಕೃಷಿಕನಿಗೆ ಇನ್ನೊಂದು ರಕ್ಷಣೆ.

ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯಿದೆ. ವರ್ಷಕ್ಕೆ ಕನಿಷ್ಠ 250 ರೂ.; 15 ವರ್ಷ ಕಟ್ಟಬೇಕು, ಖಾತೆ 21 ವರ್ಷಕ್ಕೆ ಪಕ್ವವಾಗುತ್ತದೆ. ಐದು ವರ್ಷದ ಗುರಿಗೆ ಅಂಚೆ ಕಚೇರಿಯ ಆವರ್ತ ಠೇವಣಿ ಸಾಕು. ತಿಂಗಳಿಗೆ 100 ರೂ.ಗಳಿಂದ ಕಟ್ಟಬಹುದು.

ಮೂರನೆಯದು ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಕಂತು, ಇದನ್ನೇ ಎಸ್.ಐ.ಪಿ. ಎನ್ನುತ್ತಾರೆ. ಅನೇಕರ ಸಣ್ಣ ಹಣ ಒಟ್ಟುಗೂಡಿಸಿ ಹಲವು ಕಂಪೆನಿಗಳ ಷೇರು ಕೊಳ್ಳುವ ವ್ಯವಸ್ಥೆಯಿದು. ಸಹಕಾರ ತತ್ತ್ವ ಬಲ್ಲವರಿಗೆ ಹೊಸದೆನಿಸದು. ತಿಂಗಳಿಗೆ 500 ರೂ.ಗಳಿಂದ, ಕೆಲವೆಡೆ ಅದಕ್ಕೂ ಕಡಿಮೆಯಿಂದ ಆರಂಭಿಸಬಹುದು; 2025ರ ಫೆಬ್ರವರಿಯಲ್ಲಿ ಎಸ್.ಬಿ.ಐ. ಮ್ಯೂಚುವಲ್ ಫಂಡ್ 250 ರೂ.ಗಳ ಕಂತನ್ನು ಜಾರಿಗೆ ತಂದಿತು. ಇದರಲ್ಲಿ ನಿಶ್ಚಿತ ಬಡ್ಡಿಯಿಲ್ಲ. ಬೆಲೆ ಇಳಿದರೆ ಅಸಲೂ ಕುಗ್ಗುತ್ತದೆ. ಆದುದರಿಂದ ಹತ್ತು ವರ್ಷದೊಳಗೆ ಬೇಕಾಗುವ ಹಣವನ್ನು ಇಲ್ಲಿ ಹಾಕಬಾರದು. ಹೊಸಬರಿಗೆ ದೊಡ್ಡ ಕಂಪೆನಿಗಳ ಸೂಚ್ಯಂಕವನ್ನು ಹಿಂಬಾಲಿಸುವ ಇಂಡೆಕ್ಸ್ ಫಂಡ್ ಸರಳ, ಅದರ ನಿರ್ವಹಣೆಯ ಖರ್ಚೂ ಕಡಿಮೆ. ಆ ಖರ್ಚನ್ನು ಕೇಳಿ ತಿಳಿಯಿರಿ. ಮೇಲಿನ 500 ರೂ. ಲೆಕ್ಕದಲ್ಲಿ ಶೇಕಡಾ 8ರ ಬದಲು 7 ಸಿಕ್ಕರೆ ಇಪ್ಪತ್ತು ವರ್ಷಕ್ಕೆ 34,000 ರೂ. ಕಡಿಮೆಯಾಗುತ್ತದೆ.

ಬೆಲೆ ಬಿದ್ದಾಗ

ಕಂತಿನಲ್ಲಿ ಕೊಳ್ಳುವುದರ ಪ್ರಯೋಜನ ಕಾಣುವುದು ಬೆಲೆ ಬಿದ್ದಾಗ. ನಾಲ್ಕು ತಿಂಗಳು, ತಿಂಗಳಿಗೆ ಸಾವಿರದಂತೆ ಕಟ್ಟಿದಿರೆನ್ನಿ. ಯೂನಿಟ್ಟಿನ ಬೆಲೆ ಕ್ರಮವಾಗಿ 20, 16, 10, 16 ರೂ. ಇದ್ದರೆ ಸಿಗುವ ಯೂನಿಟ್ಟುಗಳು 50, 62.5, 100, 62.5, ಒಟ್ಟು 275. ಕೊಟ್ಟದ್ದು 4,000 ರೂ.; ಕೊನೆಯ ಬೆಲೆಯಲ್ಲಿ ಕೈಲಿರುವುದು 4,400 ರೂ. ಮೊದಲ ದಿನದ 20 ರೂಪಾಯಿಯ ಬೆಲೆ ಮರಳಿ ಬಾರದಿದ್ದರೂ ನಷ್ಟವಾಗಲಿಲ್ಲ. ಬೆಲೆ 10ಕ್ಕೆ ಇಳಿದಾಗ ಹೆದರಿ ಕಂತು ನಿಲ್ಲಿಸಿದವನಿಗೆ ಈ ಲಾಭವಿಲ್ಲ. ಬೆಲೆ ಏಳದೆ ಹೋದರೆ ನಷ್ಟವುಂಟೆಂಬುದೂ ನಿಜ.

2008ರ ಜನವರಿಯಲ್ಲಿ 21,000 ದಾಟಿದ್ದ ಮುಂಬಯಿ ಷೇರುಪೇಟೆಯ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗಿಳಿಯಿತು. ಮತ್ತೆ 21,000 ಮುಟ್ಟಿದ್ದು 2010ರ ನವೆಂಬರಿನಲ್ಲಿ. 2020ರ ಜನವರಿಯಲ್ಲಿ 42,000ದ ಸುಮಾರಿನಲ್ಲಿದ್ದದ್ದು ಮಾರ್ಚ್ 23ರಂದು 26,000ಕ್ಕಿಂತ ಕೆಳಗಿತ್ತು. ನವೆಂಬರಿನೊಳಗೆ ಹಿಂದಿನ ಮಟ್ಟ ದಾಟಿತು. ಆ ತಿಂಗಳುಗಳಲ್ಲಿ ಮಗಳ ಮದುವೆಗೆಂದು ಹಣ ತೆಗೆಯಬೇಕಾದವನಿಗೆ ಏಟು ಬಿತ್ತು. ಕಾಯಬಲ್ಲವನಿಗೆ ಅಗ್ಗದಲ್ಲಿ ಯೂನಿಟ್ಟು ದೊರೆಯಿತು. ಆದುದರಿಂದ ಹಣ ಬೇಕಾಗುವುದಕ್ಕೆ ಮೂರು ನಾಲ್ಕು ವರ್ಷ ಮೊದಲೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಬ್ಯಾಂಕಿಗೋ ಅಂಚೆ ಕಚೇರಿಗೋ ಸರಿಸಿಕೊಳ್ಳಬೇಕು.

ಎಚ್ಚರದ ಮಾತು

ಹೆಸರು ದೊಡ್ಡದೆಂದು ಕಣ್ಣುಮುಚ್ಚಿ ನಂಬಬಾರದು. 1964ರಲ್ಲಿ ಆರಂಭವಾಗಿ ದೇಶದ ಮಧ್ಯಮ ವರ್ಗವೆಲ್ಲ ನಂಬಿದ್ದ ಯೂನಿಟ್ ಟ್ರಸ್ಟಿನ ‘ಯು.ಎಸ್. 64’ ಯೋಜನೆ 2001ರ ಜುಲೈನಲ್ಲಿ ಯೂನಿಟ್ಟುಗಳ ಮರುಖರೀದಿಯನ್ನೇ ತಡೆಹಿಡಿಯಿತು. 2019ರಲ್ಲಿ ಬೆಂಗಳೂರಿನ ಐ.ಎಂ.ಎ. ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಹೋಯಿತು. ತಿಂಗಳಿಗೆ ಶೇಕಡಾ ಎರಡು, ಮೂರು ಲಾಭ ಖಂಡಿತವೆನ್ನುವವರನ್ನು, ವಾಟ್ಸಾಪ್ ಗುಂಪಿನಲ್ಲಿ ಷೇರು ಗುಟ್ಟು ಹೇಳುವವರನ್ನು ಬಾಗಿಲಲ್ಲೇ ಬೀಳ್ಕೊಡಿರಿ. ಮ್ಯೂಚುವಲ್ ಫಂಡಾಗಲಿ ಹೂಡಿಕೆಯ ಸಲಹೆಗಾರನಾಗಲಿ ಸೆಬಿಯಲ್ಲಿ ನೋಂದಣಿಯಾಗಿರಬೇಕು. ಹಣವನ್ನು ಯಾವ ಏಜೆಂಟನ ಸ್ವಂತ ಖಾತೆಗೂ ಕಳಿಸಬಾರದು.

ನಮ್ಮವರ ಬಗ್ಗೆಯೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 2020ರ ಫೆಬ್ರವರಿ 4ರಿಂದ ಬ್ಯಾಂಕ್ ಠೇವಣಿಗೆ ಪ್ರತಿ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮೆಯ ರಕ್ಷಣೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ, ಪತ್ತಿನ ಸಹಕಾರಿಗಳಿಗೆ, ನಮ್ಮಂಥ ಸಂಘಗಳಿಗೆ ಈ ವಿಮೆಯಿಲ್ಲ. ಸಂಘದಲ್ಲಿ ಠೇವಣಿ ಇಡಿರಿ, ಸಂಘ ಬೆಳೆಯುವುದು ಅದರಿಂದಲೇ; ಆದರೆ ಜೀವಮಾನದ ಉಳಿತಾಯವನ್ನೆಲ್ಲ ಯಾವ ಒಂದು ಸಂಘದಲ್ಲೂ ಇಡಬೇಡಿ. ಮಹಾಸಭೆಗೆ ಬನ್ನಿ, ಲೆಕ್ಕಪರಿಶೋಧನೆಯ ವರದಿ ಓದಿ, ಪ್ರಶ್ನೆ ಕೇಳಿ. ಕೇಳುವ ಸದಸ್ಯರಿರುವ ಸಂಘ ಗಟ್ಟಿಯಾಗಿರುತ್ತದೆ.

ಕೊನೆಯದಾಗಿ, ಪ್ರತಿ ಖಾತೆಗೂ ನಾಮನಿರ್ದೇಶನ ಮಾಡಿಸಿರಿ. ಎಲ್ಲೆಲ್ಲಿ ಏನಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯವರಿಗೆ ತೋರಿಸಿಡಿರಿ. ಯಜಮಾನನಿಗೆ ಮಾತ್ರ ಗೊತ್ತಿದ್ದ ಉಳಿತಾಯ ಅವನ ಕಾಲಾನಂತರ ಯಾರ ಕೈಗೂ ಸಿಗದೆ ಹೋಗಬಹುದು.

ತೋಟದ ಕೂಲಿಯಾಳುಗಳಿಗೂ ಇದನ್ನು ತಿಳಿಸಿರಿ. 18ರಿಂದ 40 ವರ್ಷದೊಳಗಿನ, ಆದಾಯ ತೆರಿಗೆ ಕಟ್ಟದವರಿಗೆ ಅಟಲ್ ಪಿಂಚಣಿ ಯೋಜನೆಯಿದೆ; 18ನೇ ವಯಸ್ಸಿನಲ್ಲಿ ಸೇರಿ ತಿಂಗಳಿಗೆ 210 ರೂ. ಕಟ್ಟುತ್ತ ಬಂದರೆ 60ರ ನಂತರ ತಿಂಗಳಿಗೆ 5,000 ರೂ. ಪಿಂಚಣಿ ದೊರೆಯುತ್ತದೆ.

ಈ ಸಲದ ಫಸಲಿನ ಹಣ ಬಂದಾಗ ಹನ್ನೆರಡು ಕಂತುಗಳನ್ನು ಮೊದಲು ತೆಗೆದಿಡಿರಿ. ಗೊಬ್ಬರದ ಲೆಕ್ಕ ಆಮೇಲೆ ಮಾಡೋಣ. ಆಧಾರ್, ಪ್ಯಾನ್ ಮತ್ತು ಪಾಸ್ ಪುಸ್ತಕದೊಂದಿಗೆ ಅಂಚೆ ಕಚೇರಿಗೋ ಬ್ಯಾಂಕಿಗೋ ಹೋದರೆ ಖಾತೆ ತೆರೆಯಬಹುದು. ಅರ್ಜಿ ತುಂಬುವುದರಲ್ಲಿ ತೊಡಕಾದವರು ಸಂಘದ ಕಚೇರಿಗೆ ಬಂದರೆ ನೆರವಾಗುತ್ತೇವೆ.

— ಕಾರ್ಯದರ್ಶಿ